ಅರ್ಧ ಟಿಕೆಟಿನ ಚರಿತ್ರೆ



ಇತಿಹಾಸವೆಂದರೆ ರಾಜರು, ಯುದ್ಧಗಳು, ಒಪ್ಪಂದಗಳು ಎಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಆದರೆ ಸಾಮಾನ್ಯ ಜನರ ಜೀವನವನ್ನು ತಟ್ಟುವ ಎಷ್ಟೋ ಸಂಗತಿಗಳು ಸಣ್ಣ ಕಾಗದಗಳ ಮೇಲೆ ಬರೆದಿರುತ್ತವೆ. ರೈಲಿನ ಟಿಕೆಟು ಅಂಥ ಒಂದು ಕಾಗದ. ಮಕ್ಕಳಿಗೆ ಅರ್ಧ ಟಿಕೆಟು ಎಂಬುದು ನಿಮಗೆಲ್ಲ ಗೊತ್ತಿದೆ. ಹನ್ನೆರಡು ತುಂಬುವವರೆಗೆ ನೀವೂ ಅದರಲ್ಲೇ ಪ್ರಯಾಣ ಮಾಡಿದವರು. ಆದರೆ ಈ 'ಅರ್ಧ' ಎಲ್ಲಿಂದ ಬಂತು? ಹನ್ನೆರಡೇ ಏಕೆ, ಹದಿನಾರು ಏಕಲ್ಲ? ಪರದೇಶಗಳಲ್ಲಿ ಮಕ್ಕಳೊಂದಿಗೆ ರೈಲು ಹತ್ತುವ ಸಂಸಾರ ಎಷ್ಟು ಕೊಡುತ್ತದೆ? ಈ ಪ್ರಶ್ನೆಗಳನ್ನು ಹಿಡಿದು ಹೊರಟರೆ ಇಂಗ್ಲೆಂಡಿನ ಪಾರ್ಲಿಮೆಂಟಿನಿಂದ ಹಿಡಿದು ನಮ್ಮ ಹಿರೇಕೆರೂರಿನ ಬಸ್ ನಿಲ್ದಾಣದವರೆಗೆ ಒಂದು ದೊಡ್ಡ ಕಥೆಯೇ ಬಿಚ್ಚಿಕೊಳ್ಳುತ್ತದೆ.

ಹಳಿ ಕಾಣದ ತಾಲ್ಲೂಕು

ಮೊದಲು ನಮ್ಮ ನೆಲದಿಂದಲೇ ಆರಂಭಿಸೋಣ. ಈಗ ಹಾವೇರಿ ಜಿಲ್ಲೆಗೆ ಸೇರಿರುವ ಹಿರೇಕೆರೂರು 1997ರವರೆಗೆ ಧಾರವಾಡ ಜಿಲ್ಲೆಯಲ್ಲಿತ್ತು. ಬ್ರಿಟಿಷರ ಕಾಲದಲ್ಲಿ ಇದು ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಆಗ ತಾಲ್ಲೂಕಿನ ಹೆಸರು ಕೋಡ, ಕಚೇರಿ ಮಾತ್ರ ಹಿರೇಕೆರೂರಿನಲ್ಲಿ. 1876ರಿಂದ 1878ರವರೆಗೆ ದಕ್ಷಿಣ ಭಾರತವನ್ನು ಕಾಡಿದ ಭೀಕರ ಬರಗಾಲದಲ್ಲಿ ಧಾನ್ಯವನ್ನು ಒಳನಾಡಿಗೆ ಸಾಗಿಸುವುದು ದೊಡ್ಡ ಸಮಸ್ಯೆಯಾಯಿತು. ಎತ್ತಿನ ಬಂಡಿ ಬರಬೇಕೆಂದರೆ ಎತ್ತಿಗೂ ಮೇವು ಬೇಕಲ್ಲವೆ? ಬರಪೀಡಿತ ಪ್ರದೇಶಗಳಿಗೆ ರೈಲು ಬೇಕೆಂಬ ವಾದಕ್ಕೆ ಇದರಿಂದ ಬಲ ಬಂತು. 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಸ್ಥಾಪನೆಯಾಯಿತು. 1880ರ ದಶಕ ಮುಗಿಯುವಷ್ಟರಲ್ಲಿ ಹುಬ್ಬಳ್ಳಿಯಿಂದ ಹಾವೇರಿ, ಬ್ಯಾಡಗಿ, ರಾಣೆಬೆನ್ನೂರುಗಳ ಮೂಲಕ ತುಂಗಭದ್ರೆಯನ್ನು ದಾಟಿ ಹರಿಹರದವರೆಗೆ ಮೀಟರ್ ಗೇಜ್ ಹಳಿ ಬಂದು, ಮೈಸೂರು ಸಂಸ್ಥಾನದ ಹಳಿಯೊಂದಿಗೆ ಕೂಡಿಕೊಂಡಿತು. ಈ ಕಂಪನಿಯ ಕೇಂದ್ರ ಕಚೇರಿ ಧಾರವಾಡದಲ್ಲಿತ್ತು. ಇಂದು ಕರ್ನಾಟಕ ಕಾಲೇಜು ಇರುವ ಭವ್ಯ ಕಟ್ಟಡವೇ ಅದು. 1908ರಲ್ಲಿ ಕಂಪನಿ ಮದ್ರಾಸ್ ರೈಲ್ವೆಯೊಂದಿಗೆ ವಿಲೀನವಾದ ಮೇಲೆ ಆ ಕಟ್ಟಡ ವಿದ್ಯೆಯ ಪಾಲಾಯಿತು.

ಗಮನಿಸಿ, ಹಳಿ ನಮ್ಮ ಸಮೀಪಕ್ಕೆ ಬಂತು, ಆದರೆ ಹಿರೇಕೆರೂರಿಗಾಗಲಿ ಹಾನಗಲ್ಲಿಗಾಗಲಿ ಬರಲಿಲ್ಲ. ಮೂಡಣಕ್ಕೆ ರಾಣೆಬೆನ್ನೂರು, ಬ್ಯಾಡಗಿ. ದಕ್ಷಿಣಕ್ಕೆ 1899ರಲ್ಲಿ ರೈಲು ಕಂಡ ಶಿವಮೊಗ್ಗ. ನಡುವೆ ನಮ್ಮ ತಾಲ್ಲೂಕು. ಶಿವಮೊಗ್ಗದಿಂದ ಶಿಕಾರಿಪುರದ ಮೂಲಕ ರಾಣೆಬೆನ್ನೂರಿಗೆ ಹೊಸ ಮಾರ್ಗದ ಯೋಜನೆಯನ್ನು ಕೈಗೆತ್ತಿಕೊಳ್ಳಲು ಒಂದು ಶತಮಾನಕ್ಕೂ ಹೆಚ್ಚು ಕಾಲ ಬೇಕಾಯಿತು. ಹೀಗಾಗಿ ಇಲ್ಲಿನ ಸಂಸಾರ ರೈಲಿನ ಪ್ರಯಾಣ ಹೊರಟರೆ ಅದು ಎಂದಿಗೂ ಎರಡು ಟಿಕೆಟಿನ ಪ್ರಯಾಣ: ಮೊದಲು ಬಸ್ಸು ಅಥವಾ ಹಿಂದಿನ ಕಾಲದಲ್ಲಿ ಬಂಡಿ, ಆಮೇಲೆ ರೈಲು.

ಇನ್ನೊಂದು ಕುತೂಹಲದ ಸಂಗತಿ. ಪರದೇಶಕ್ಕೆ ರೈಲಿನಲ್ಲಿ ಹೋಗುವುದು ನಮ್ಮ ಭಾಗದ ಜನರಿಗೆ ಒಂದು ಕಾಲದಲ್ಲಿ ದೂರದ ಮಾತಾಗಿರಲಿಲ್ಲ. ಹುಬ್ಬಳ್ಳಿ, ಲೋಂಡಾ ದಾಟಿ ಕ್ಯಾಸಲ್‌ರಾಕ್‌ಗೆ ಹೋದರೆ ಅಲ್ಲಿಗೆ ಬ್ರಿಟಿಷ್ ಇಂಡಿಯಾ ಮುಗಿಯುತ್ತಿತ್ತು. ಮುಂದೆ ಘಟ್ಟ ಇಳಿದರೆ ಪೋರ್ತುಗೀಜರ ಗೋವಾ. 1880ರ ದಶಕದಲ್ಲೇ ಮರ್ಮಗೋವಾ ಬಂದರಿನವರೆಗೆ ಈ ಮಾರ್ಗ ತೆರೆದಿತ್ತು. ಗಡಿಯಲ್ಲಿ ಸುಂಕದವರು ಗಂಟುಮೂಟೆಗಳನ್ನು ತಪಾಸಣೆ ಮಾಡುತ್ತಿದ್ದರು. 1955ರಲ್ಲಿ ಈ ಗಡಿ ಸಂಚಾರ ನಿಂತಿತು. 1961ರ ಡಿಸೆಂಬರಿನಲ್ಲಿ ಗೋವಾ ವಿಮೋಚನೆಯಾದ ಮೇಲೆ ಅದು ಪರದೇಶವಾಗಿ ಉಳಿಯಲಿಲ್ಲ. ಅಂದರೆ 'ಪರದೇಶ ಪ್ರಯಾಣ' ಎಂದೊಡನೆ ವಿಮಾನವನ್ನಷ್ಟೇ ನೆನೆಯಬೇಕಾಗಿಲ್ಲ.

'ಅರ್ಧ' ಹುಟ್ಟಿದ್ದು ಹೇಗೆ?

ಈಗ ಇಂಗ್ಲೆಂಡಿಗೆ ಹೋಗೋಣ. ಅಲ್ಲಿ ರೈಲುಗಳು ಆರಂಭವಾದ ಕಾಲದಲ್ಲಿ ಅವೆಲ್ಲ ಖಾಸಗಿ ಕಂಪನಿಗಳಾಗಿದ್ದವು. ಬಡವರನ್ನು ಕೂಡಿಸಿಕೊಳ್ಳುವುದು ಅವುಗಳಿಗೆ ಅಷ್ಟೇನೂ ಬೇಕಾಗಿರಲಿಲ್ಲ. ಮೂರನೆಯ ದರ್ಜೆಯವರನ್ನು ಮೇಲ್ಛಾವಣಿಯಿಲ್ಲದ ತೆರೆದ ಡಬ್ಬಿಗಳಲ್ಲಿ, ಹಲವು ಸಲ ಸರಕಿನ ಗಾಡಿಗಳ ಜೊತೆಗೇ ಕಳಿಸುತ್ತಿದ್ದರು. 1841ರ ಡಿಸೆಂಬರ್ 24ರಂದು ಗ್ರೇಟ್ ವೆಸ್ಟರ್ನ್ ರೈಲ್ವೆಯ ಇಂಥ ಗಾಡಿಯೊಂದು ಸಾನಿಂಗ್ ಎಂಬಲ್ಲಿ ಕುಸಿದ ಮಣ್ಣಿಗೆ ಡಿಕ್ಕಿ ಹೊಡೆಯಿತು. ತೆರೆದ ಡಬ್ಬಿಗಳಲ್ಲಿದ್ದ ಕೂಲಿಕಾರರು ಸತ್ತರು. ಅವರಲ್ಲಿ ಹೆಚ್ಚಿನವರು ಹಬ್ಬಕ್ಕೆಂದು ಊರಿಗೆ ಹೊರಟಿದ್ದ ಕಲ್ಲುಕುಟಿಗರು.

ಈ ದುರಂತದ ಬಗ್ಗೆ ನಡೆದ ಚರ್ಚೆಯ ನಂತರ 1844ರಲ್ಲಿ ವಿಲಿಯಂ ಗ್ಲಾಡ್‌ಸ್ಟನ್‌ನ ಮುಂದಾಳುತನದಲ್ಲಿ ರೈಲ್ವೆ ನಿಯಂತ್ರಣ ಕಾಯಿದೆ ಬಂದಿತು. ಆತ ಮುಂದೆ ನಾಲ್ಕು ಸಲ ಬ್ರಿಟನ್ನಿನ ಪ್ರಧಾನಿಯಾದವನು. ಕಾಯಿದೆ ಹೇಳಿದ್ದು ಇಷ್ಟು: ಹೊಸ ಮಾರ್ಗಗಳಲ್ಲಿ ದಿನಕ್ಕೆ ಒಮ್ಮೆಯಾದರೂ ಎಲ್ಲ ನಿಲ್ದಾಣಗಳಲ್ಲಿ ನಿಲ್ಲುವ ಒಂದು ಗಾಡಿ ಓಡಬೇಕು, ಅದಕ್ಕೆ ಮಳೆ ಗಾಳಿ ತಡೆಯುವ ಮಾಡು ಇರಬೇಕು, ಗಂಟೆಗೆ ಸರಾಸರಿ 12 ಮೈಲಿಗಿಂತ ನಿಧಾನವಾಗಿರಬಾರದು, ದರ ಮೈಲಿಗೆ ಒಂದು ಪೆನ್ನಿಯನ್ನು ಮೀರಬಾರದು, ಪ್ರತಿಯೊಬ್ಬರೂ 56 ಪೌಂಡ್ ಸಾಮಾನನ್ನು ಉಚಿತವಾಗಿ ಒಯ್ಯಬಹುದು. ಕೊನೆಗೆ ನಮ್ಮ ವಿಷಯ: ಜೊತೆಯಲ್ಲಿ ಬರುವ ಮೂರು ವರ್ಷದೊಳಗಿನ ಮಗುವಿಗೆ ದರವಿಲ್ಲ, ಮೂರರಿಂದ ಹನ್ನೆರಡರವರೆಗಿನ ಮಗುವಿಗೆ ಅರ್ಧ ದರ.

ಇಲ್ಲಿ ಒಂದು ಸೂಕ್ಷ್ಮವಿದೆ. ಮಕ್ಕಳ ಅರ್ಧ ದರ ಕಂಪನಿಗಳ ಔದಾರ್ಯವಾಗಿ ಉಳಿಯಲಿಲ್ಲ, ಕಾನೂನಿನ ಮಾತಾಯಿತು. ದುಡಿಯುವ ವರ್ಗದ ಸಂಸಾರ ಒಟ್ಟಿಗೆ ಪ್ರಯಾಣ ಮಾಡಲು ಸಾಧ್ಯವಾಗಬೇಕೆಂಬ ಆಶಯ ಅದರ ಹಿಂದಿತ್ತು. ಮಾಡು, ವೇಗ, ದರ, ಗಂಟು, ಮಗು ಈ ಐದನ್ನೂ ಒಂದೇ ಕಾಯಿದೆಯಲ್ಲಿ ಕೂಡಿಸಿದ್ದು ಆಕಸ್ಮಿಕವಲ್ಲ. ಬಡವನ ಪ್ರಯಾಣವೆಂದರೆ ಇವಿಷ್ಟೂ ಸೇರಿದ್ದು.

ಭಾರತದಲ್ಲಿ 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಠಾಣೆಗೆ ಮೊದಲ ಪ್ರಯಾಣಿಕರ ರೈಲು ಓಡಿತು. ನಮ್ಮ ರೈಲುಗಳನ್ನು ಕಟ್ಟಿದ ಕಂಪನಿಗಳು ಇಂಗ್ಲೆಂಡಿನವೇ ಆದ್ದರಿಂದ ಅಲ್ಲಿಯ ಎಷ್ಟೋ ಪದ್ಧತಿಗಳು ಇಲ್ಲಿಗೂ ಬಂದವು. ಅವುಗಳಲ್ಲಿ ಮಕ್ಕಳ ಅರ್ಧ ಟಿಕೆಟೂ ಒಂದು. ಹನ್ನೆರಡು ವರ್ಷದ ಗೆರೆ ಇಂದಿಗೂ ನಮ್ಮಲ್ಲಿ ಉಳಿದಿದೆ. ವಿಚಿತ್ರವೆಂದರೆ ಅದನ್ನು ನಮಗೆ ಕೊಟ್ಟ ಇಂಗ್ಲೆಂಡಿನಲ್ಲೇ ಈಗ ಆ ಗೆರೆ ಇಲ್ಲ. ಅಲ್ಲಿ ಐದರಿಂದ ಹದಿನೈದರವರೆಗೆ ಅರ್ಧ ದರ!

ವಯಸ್ಸು ಹೇಳುವವರು ಯಾರು?

ಅರ್ಧ ಟಿಕೆಟು ಕೊಡಬೇಕಾದರೆ ಮಗುವಿನ ವಯಸ್ಸು ಗೊತ್ತಿರಬೇಕು. ಹಿಂದೆ ಹಳ್ಳಿಗಳಲ್ಲಿ 'ದೊಡ್ಡ ಮಳೆ ಬಂದ ವರ್ಷ ಹುಟ್ಟಿದವ', 'ಪ್ಲೇಗು ಬಂದಾಗ ಎದೆಹಾಲು ಕುಡಿಯುತ್ತಿದ್ದಳು' ಎಂಬ ಲೆಕ್ಕವೇ ಹೆಚ್ಚು. ದೇಶಕ್ಕೆಲ್ಲ ಒಂದೇ ರೀತಿಯ ಜನನ ಮರಣ ನೋಂದಣಿ ಕಾಯಿದೆ ಬಂದದ್ದು 1969ರಲ್ಲಿ. ಅಲ್ಲಿಯವರೆಗೂ, ಆಮೇಲೂ, ಟಿಕೆಟು ತಪಾಸಣೆಗಾರನ ಕಣ್ಣಳತೆ ಮತ್ತು ತಾಯಿಯ ಬಾಯಿಮಾತಿನ ನಡುವೆ ತೀರ್ಮಾನವಾಗುತ್ತಿತ್ತು. ರೈಲು ಹತ್ತುವ ಮೊದಲು 'ಯಾರಾದರೂ ಕೇಳಿದರೆ ಹನ್ನೊಂದು ಅನ್ನು' ಎಂದು ಮಗನಿಗೆ ಪಾಠ ಹೇಳಿಕೊಡುವ ತಂದೆಯ ಹಾಸ್ಯಪ್ರಸಂಗಗಳು ನಮ್ಮ ದೇಶದ ಎಲ್ಲ ಭಾಷೆಗಳಲ್ಲೂ ಇವೆ. 1962ರ ಹಿಂದಿ ಚಿತ್ರ 'ಹಾಫ್ ಟಿಕೆಟ್'ನಲ್ಲಿ ಕಿಶೋರ್ ಕುಮಾರ್ ದುಡ್ಡು ಸಾಲದೆ ಮಗುವಿನ ವೇಷ ಹಾಕಿ ರೈಲು ಹತ್ತುತ್ತಾನೆ. ಜನ ನಕ್ಕದ್ದು ಆ ಆಸೆ ಎಲ್ಲರಿಗೂ ಪರಿಚಿತವಾಗಿದ್ದರಿಂದ.

ಬೇರೆ ದೇಶಗಳು ಇದೇ ತೊಡಕನ್ನು ಬೇರೆ ಬೇರೆ ರೀತಿ ಬಿಡಿಸಿವೆ. ಚೀನಾದಲ್ಲಿ ದೀರ್ಘಕಾಲ ವಯಸ್ಸನ್ನು ಕೇಳುತ್ತಲೇ ಇರಲಿಲ್ಲ, ಎತ್ತರವನ್ನು ಅಳೆಯುತ್ತಿದ್ದರು. 1.2 ಮೀಟರಿಗಿಂತ ಕುಳ್ಳಗಿದ್ದರೆ ಉಚಿತ, 1.5 ಮೀಟರಿನವರೆಗೆ ರಿಯಾಯಿತಿ. ಆದರೆ ಮಕ್ಕಳು ಹಿಂದಿಗಿಂತ ಬೇಗ ಎತ್ತರ ಬೆಳೆಯತೊಡಗಿದರು. ಚೆನ್ನಾಗಿ ಬೆಳೆದ ಮಗುವಿಗೆ ಅದೇ ದಂಡವಾದಂತಾಯಿತು. 2023ರ ಜನವರಿ 1ರಿಂದ ಅಲ್ಲಿ ವಯಸ್ಸಿನ ಲೆಕ್ಕ ಬಂದಿದೆ: ಆರರೊಳಗೆ ಉಚಿತ, ಆರು ತುಂಬಿ ಹದಿನಾಲ್ಕು ಮುಟ್ಟುವವರೆಗೆ ರಿಯಾಯಿತಿ. ಜಪಾನಿನಲ್ಲಿ ಗೆರೆ ಶಾಲೆಯ ಬಾಗಿಲಲ್ಲಿದೆ. ಪ್ರಾಥಮಿಕ ಶಾಲೆಗೆ ಸೇರುವ ಮುನ್ನ ಪುಟ್ಟ ಮಕ್ಕಳಿಗೆ, ಟಿಕೆಟು ಕೊಂಡ ಪ್ರಯಾಣಿಕನೊಬ್ಬನಿಗೆ ಇಬ್ಬರಂತೆ, ದರವಿಲ್ಲ; ಪ್ರಾಥಮಿಕ ಶಾಲೆ ಮುಗಿಯುವವರೆಗೆ ಅರ್ಧ.

ಎತ್ತರ, ವಯಸ್ಸು, ಶಾಲೆ. ಮಗು ಯಾರು ಎಂಬ ಒಂದೇ ಪ್ರಶ್ನೆಗೆ ಮೂರು ಉತ್ತರಗಳು. ಇವುಗಳಲ್ಲಿ ಯಾವುದೂ ನಿಸರ್ಗ ಹಾಕಿದ ಗೆರೆಯಲ್ಲ. ಎಲ್ಲವೂ ಮನುಷ್ಯರು ಕುಳಿತು ತೀರ್ಮಾನಿಸಿದವು.

ದೊಡ್ಡ ಸಂಸಾರಕ್ಕೆ ದೊಡ್ಡ ರಿಯಾಯಿತಿ

ಮಗುವಿಗೆ ರಿಯಾಯಿತಿ ಬೇರೆ, ಇಡೀ ಸಂಸಾರಕ್ಕೆ ರಿಯಾಯಿತಿ ಬೇರೆ. ಈ ಎರಡನೆಯದರ ಪ್ರಸಿದ್ಧ ಉದಾಹರಣೆ ಫ್ರಾನ್ಸ್. 1914ರಿಂದ 1918ರವರೆಗಿನ ಮೊದಲ ಮಹಾಯುದ್ಧದಲ್ಲಿ ಆ ದೇಶ ಸುಮಾರು 14 ಲಕ್ಷ ಸೈನಿಕರನ್ನು ಕಳೆದುಕೊಂಡಿತು. ಮೊದಲೇ ಕಡಿಮೆಯಿದ್ದ ಜನನ ಪ್ರಮಾಣ ಇನ್ನೂ ಕುಸಿಯಿತು. ಮಕ್ಕಳು ಹೆಚ್ಚಾಗಬೇಕೆಂಬುದು ಸರ್ಕಾರದ ಧೋರಣೆಯಾಯಿತು. 1921ರಲ್ಲಿ ಬಂದ ಕಾನೂನಿನ ಪ್ರಕಾರ ಮೂರು ಅಥವಾ ಹೆಚ್ಚು ಮಕ್ಕಳಿರುವ ಸಂಸಾರಗಳಿಗೆ ರೈಲು ದರದಲ್ಲಿ ರಿಯಾಯಿತಿ ದೊರೆಯಿತು. ನೂರು ವರ್ಷ ದಾಟಿದರೂ ಅದು ಮುಂದುವರಿದಿದೆ: ಮೂರು ಮಕ್ಕಳಿದ್ದರೆ ನೂರಕ್ಕೆ 30, ನಾಲ್ಕಿದ್ದರೆ 40, ಐದಿದ್ದರೆ 50, ಆರು ಅಥವಾ ಹೆಚ್ಚಿದ್ದರೆ 75. ಮಕ್ಕಳಿಗಷ್ಟೇ ಅಲ್ಲ, ತಂದೆತಾಯಿಗೂ.

ಪಶ್ಚಿಮ ಜರ್ಮನಿ 1955ರಲ್ಲಿ ಇಂಥದೇ ಒಂದು ಚೀಟಿಯನ್ನು ಜಾರಿಗೆ ತಂದಿತು. ಮೂರು ಅಥವಾ ಹೆಚ್ಚು ಮಕ್ಕಳಿರುವ ಸಂಸಾರದ ಮಕ್ಕಳಿಗೆ ಅರ್ಧ ದರ. ಕುಟುಂಬ ಖಾತೆಯ ಮಂತ್ರಿ ವುರ್ಮೆಲಿಂಗನ ಹೆಸರಿನಿಂದಲೇ ಅದನ್ನು ಕರೆಯುತ್ತಿದ್ದರು. ಜನ ಮಾತ್ರ ತಮಾಷೆಗೆ ಅದಕ್ಕೆ 'ಮೊಲದ ಪಾಸು' ಎಂದು ಹೆಸರಿಟ್ಟರು. ಮೊಲಗಳ ಸಂತಾನ ಎಷ್ಟೆಂಬುದು ನಿಮಗೆ ಗೊತ್ತು! 1999ರಲ್ಲಿ ಅದು ಕೊನೆಗೊಂಡಿತು.

ಈಗ ಭಾರತವನ್ನು ನೆನೆಯಿರಿ. 1952ರಲ್ಲಿ ರಾಷ್ಟ್ರೀಯ ಕುಟುಂಬ ಯೋಜನಾ ಕಾರ್ಯಕ್ರಮವನ್ನು ಆರಂಭಿಸಿದ ದೇಶ ನಮ್ಮದು. ಚಿಕ್ಕ ಸಂಸಾರ ಸುಖ ಸಂಸಾರ ಎಂದು ಗೋಡೆಗೋಡೆಯ ಮೇಲೆ ಬರೆಸಿದ ನಮ್ಮಲ್ಲಿ, ಮಕ್ಕಳು ಹೆಚ್ಚಿದ್ದಷ್ಟೂ ಹೆಚ್ಚು ರಿಯಾಯಿತಿ ಎಂಬ ನಿಯಮವನ್ನು ನಿರೀಕ್ಷಿಸುವಂತಿರಲಿಲ್ಲ. ಆದ್ದರಿಂದ ಭಾರತೀಯ ರೈಲ್ವೆಯ ರಿಯಾಯಿತಿ ಸಂಸಾರವನ್ನು ನೋಡಿ ಬರುವುದಿಲ್ಲ, ವ್ಯಕ್ತಿಯನ್ನು ನೋಡಿ ಬರುತ್ತದೆ: ಮಗು, ವಿದ್ಯಾರ್ಥಿ, ಅಂಗವಿಕಲರು, ರೋಗಿ ಹೀಗೆ. ಊರಿಗೆ ಹೋಗಿಬರುವ ವಿದ್ಯಾರ್ಥಿಗಳಿಗೆ ರಿಯಾಯಿತಿ, ಪದವಿಯವರೆಗೆ ಓದುವ ಹುಡುಗಿಯರಿಗೂ ಹನ್ನೆರಡನೆಯ ತರಗತಿಯವರೆಗಿನ ಹುಡುಗರಿಗೂ ಮನೆಯಿಂದ ವಿದ್ಯಾಸಂಸ್ಥೆಗೆ ಉಚಿತ ಮಾಸಿಕ ಪಾಸು ಇವೆಲ್ಲ ಈ ಬಗೆಯವೇ. ಹಿರಿಯ ನಾಗರಿಕರಿಗಿದ್ದ ರಿಯಾಯಿತಿಯನ್ನು 2020ರ ಮಾರ್ಚ್‌ನಲ್ಲಿ ನಿಲ್ಲಿಸಲಾಯಿತು. ಅಜ್ಜ ಅಜ್ಜಿಯೊಂದಿಗೆ ಹೊರಡುವ ಕೂಡು ಕುಟುಂಬಕ್ಕೆ ಇದು ಸಣ್ಣ ಬದಲಾವಣೆಯಲ್ಲ.

2016ರಲ್ಲಿ ಆದದ್ದೇನು?

ನಮ್ಮ ಅರ್ಧ ಟಿಕೆಟಿನ ಚರಿತ್ರೆಯಲ್ಲಿ ದೊಡ್ಡ ತಿರುವು 2016ರ ಏಪ್ರಿಲ್ 21. ಅದಕ್ಕೂ ಮೊದಲು ಐದರಿಂದ ಹನ್ನೆರಡರೊಳಗಿನ ಮಗುವಿಗೆ ಅರ್ಧ ದರ ಕೊಟ್ಟು ಕಾಯ್ದಿರಿಸಿದರೆ ಇಡೀ ಮಲಗುವ ಜಾಗ, ಅಂದರೆ ಬರ್ತು, ಸಿಗುತ್ತಿತ್ತು. ಆ ದಿನದಿಂದ ನಿಯಮ ಹೀಗಾಯಿತು: ಮಗುವಿಗೆ ಬೇರೆ ಬರ್ತು ಬೇಕಾದರೆ ಪೂರ್ಣ ದರ, ಬೇಡ, ದೊಡ್ಡವರ ಜೊತೆಯಲ್ಲೇ ಮಲಗುತ್ತದೆ ಎಂದರೆ ಅರ್ಧ ದರ. ಕಾಯ್ದಿರಿಸದ ಸಾಮಾನ್ಯ ಬೋಗಿಯಲ್ಲಿ ಹಿಂದಿನಂತೆಯೇ ಅರ್ಧ. ಐದು ವರ್ಷದೊಳಗಿನ ಮಗು ಉಚಿತ; ಆದರೆ ಅದಕ್ಕೂ ಬೇರೆ ಬರ್ತು ಕೇಳಿದರೆ ಪೂರ್ಣ ದರ.

ಇನ್ನೊಂದು ಸಂಗತಿಯನ್ನು ಹಲವರು ಗಮನಿಸುವುದಿಲ್ಲ. ಕುಳಿತು ಹೋಗುವ ಚೇರ್ ಕಾರ್ ದರ್ಜೆಗಳಲ್ಲಿ 'ಜಾಗ ಬೇಡ, ಅರ್ಧ ಸಾಕು' ಎನ್ನುವ ಅವಕಾಶವೇ ಇಲ್ಲ. ಹೀಗಾಗಿ ಹಿರೇಕೆರೂರಿನ ಸಂಸಾರವೊಂದು ರಾಣೆಬೆನ್ನೂರಿಗೆ ಬಂದು ಬೆಂಗಳೂರಿನ ಜನಶತಾಬ್ದಿ ಹತ್ತಿದರೆ ಎಂಟು ವರ್ಷದ ಮಗನಿಗೂ ಪೂರ್ಣ ಟಿಕೆಟು. ಅದೇ ಮಗನಿಗೆ ರಾಣೆಬೆನ್ನೂರಿನವರೆಗೆ ಸಾರಿಗೆ ಬಸ್ಸಿನಲ್ಲಿ ಅರ್ಧ ಟಿಕೆಟು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಡಿ ತಾಯಿಗೆ, ಅಕ್ಕನಿಗೆ ಶೂನ್ಯ ಟಿಕೆಟು. ಒಂದೇ ದಿನ, ಒಂದೇ ಸಂಸಾರ, ಒಂದೇ ಪ್ರಯಾಣ. ಬಸ್ಸಿನಿಂದ ಇಳಿದು ರೈಲು ಹತ್ತಿದೊಡನೆ ಅದೇ ಹುಡುಗ ಅರ್ಧ ಮನುಷ್ಯನಿಂದ ಪೂರ್ಣ ಮನುಷ್ಯನಾಗುತ್ತಾನೆ!

ಇದರ ಪರಿಣಾಮವೇನು? ಮಾಹಿತಿ ಹಕ್ಕಿನಡಿ 2023ರಲ್ಲಿ ಬಹಿರಂಗವಾದ ಅಂಕಿಅಂಶಗಳ ಪ್ರಕಾರ 2016-17ರಿಂದ 2022-23ರವರೆಗಿನ ಏಳು ವರ್ಷಗಳಲ್ಲಿ ಈ ಬದಲಾವಣೆಯಿಂದ ರೈಲ್ವೆಗೆ ಸುಮಾರು 2,800 ಕೋಟಿ ರೂಪಾಯಿ ಹೆಚ್ಚು ಆದಾಯ ಬಂದಿದೆ. ಆ ಅವಧಿಯಲ್ಲಿ ಸುಮಾರು 3.6 ಕೋಟಿ ಮಕ್ಕಳು ಅರ್ಧ ದರದಲ್ಲಿ ಬರ್ತಿಲ್ಲದೆ ಪ್ರಯಾಣ ಮಾಡಿದರೆ, 10 ಕೋಟಿಗೂ ಹೆಚ್ಚು ಮಕ್ಕಳು ಪೂರ್ಣ ದರ ಕೊಟ್ಟು ಬರ್ತು ಪಡೆದರು. ಅಂದರೆ ಪ್ರತಿ ನಾಲ್ವರಲ್ಲಿ ಹೆಚ್ಚುಕಡಿಮೆ ಮೂವರು.

ಈ ಅಂಕಿಗಳನ್ನು ಎರಡು ರೀತಿ ಓದಬಹುದು. ರೈಲ್ವೆಯ ಕಡೆಯ ವಾದ ಹೀಗೆ: ಮಗು ಮಲಗಿದರೂ ದೊಡ್ಡವರು ಮಲಗಿದರೂ ಬರ್ತು ಒಂದೇ. ಅರ್ಧ ದರಕ್ಕೆ ಕೊಟ್ಟರೆ ಕಾಯುವ ಪಟ್ಟಿಯಲ್ಲಿರುವ ಇನ್ನೊಬ್ಬನಿಗೆ ಅದು ತಪ್ಪುತ್ತದೆ. ಅಲ್ಲದೆ ಪ್ರಯಾಣಿಕರ ದರದಿಂದ ಪ್ರಯಾಣದ ಪೂರ್ತಿ ವೆಚ್ಚ ಹುಟ್ಟುವುದಿಲ್ಲ. ನೂರಕ್ಕೆ ಸರಾಸರಿ 57 ಮಾತ್ರ ಹುಟ್ಟುತ್ತದೆ ಎಂದು 2016ರಲ್ಲಿ ಟಿಕೆಟಿನ ಮೇಲೆಯೇ ಅಚ್ಚು ಹಾಕತೊಡಗಿದರು. ಪ್ರಯಾಣಿಕರ ಕಡೆಯ ವಾದವೂ ಹಗುರವಲ್ಲ. ಹನ್ನೊಂದು ವರ್ಷದ ಮಗು ರಾತ್ರಿಯಿಡೀ ತಾಯಿಯೊಂದಿಗೆ ಒಂದೇ ಬರ್ತಿನಲ್ಲಿ ಮಲಗಲಾರದು. 'ಬೇಕಾದರೆ ಕೊಳ್ಳಿ' ಎಂಬ ಆಯ್ಕೆ ಹೆಸರಿಗೆ ಆಯ್ಕೆ. ನಾಲ್ವರಲ್ಲಿ ಮೂವರು ಪೂರ್ಣ ದರ ಕೊಟ್ಟಿರುವುದು ಅದನ್ನೇ ಸೂಚಿಸುತ್ತದೆಯಲ್ಲವೆ? ಇಲ್ಲಿ ಯಾರು ಸರಿ ಎಂದು ನೀವೇ ತರಗತಿಯಲ್ಲಿ ಚರ್ಚಿಸಿ. ಆದರೆ ಚರ್ಚೆಯ ಮೂಲವನ್ನು ಹಿಡಿಯಿರಿ: ದರ ಯಾವುದಕ್ಕೆ, ಜಾಗಕ್ಕೋ, ಮನುಷ್ಯನಿಗೋ? 1844ರ ಕಾಯಿದೆ ಮನುಷ್ಯನನ್ನು ನೋಡಿತು. 2016ರ ನಿಯಮ ಜಾಗವನ್ನು ನೋಡಿತು.

ಪರದೇಶದ ನಿಯಮ ಓದುವ ಬಗೆ

ಇಂದು ನಮ್ಮ ಕನ್ನಡದ ಸಂಸಾರಗಳು ಲಂಡನ್ನಿನಲ್ಲಿ, ಮ್ಯೂನಿಕ್ಕಿನಲ್ಲಿ, ಟೋಕಿಯೋದಲ್ಲಿ ನೆಲೆಸಿವೆ. ಅವರನ್ನು ನೋಡಲು ಇಲ್ಲಿಂದ ತಂದೆತಾಯಿ, ಬಂಧುಗಳು ಹೋಗಿಬರುತ್ತಾರೆ. ನಿಮ್ಮಲ್ಲಿಯೂ ಕೆಲವರು ಮುಂದೆ ಓದಲು, ದುಡಿಯಲು ಹೋಗುವಿರಿ. ಅಲ್ಲಿಯ ರೈಲಿನ ರಿಯಾಯಿತಿಗಳು ಮೊದಲ ನೋಟಕ್ಕೆ ಗೊಂದಲವೆನಿಸುತ್ತವೆ. ಆದರೆ ನಾಲ್ಕು ಪ್ರಶ್ನೆ ಕೇಳಿಕೊಂಡರೆ ಎಂಥ ನಿಯಮವೂ ಅರ್ಥವಾಗುತ್ತದೆ.

ಒಂದು, ಮಗು ಎಂದರೆ ಎಷ್ಟು ವಯಸ್ಸಿನವರೆಗೆ? ಭಾರತದಲ್ಲಿ ಹನ್ನೆರಡು ತುಂಬುವವರೆಗೆ. ಬ್ರಿಟನ್ನಿನಲ್ಲಿ ಹದಿನಾರು ತುಂಬುವವರೆಗೆ. ಜರ್ಮನಿಯ ರೈಲುಗಳಲ್ಲಿ ಹದಿನೈದು ತುಂಬುವವರೆಗೆ. ಅಮೆರಿಕದ ಆಮ್‌ಟ್ರಾಕ್‌ನಲ್ಲಿ ಎರಡರಿಂದ ಹನ್ನೆರಡು ವರ್ಷದವರಿಗೆ ಅರ್ಧ ದರ.

ಎರಡು, ಮಗುವಿನ ಜೊತೆ ಯಾರು ಇರಬೇಕು? ಸ್ವಿಟ್ಜರ್ಲೆಂಡಿನಲ್ಲಿ ಪ್ರವಾಸಿಗರ ಟ್ರಾವೆಲ್ ಪಾಸು ಇದೆ. ಆ ಪಾಸು ಕೊಂಡ ತಂದೆ ಅಥವಾ ತಾಯಿ ಜೊತೆಗಿದ್ದರೆ ಆರು ತುಂಬಿ ಹದಿನಾರರೊಳಗಿನ ಮಕ್ಕಳಿಗೆ ಕುಟುಂಬ ಕಾರ್ಡಿನಿಂದ ಉಚಿತ ಪ್ರಯಾಣ. ಆದರೆ ಜೊತೆಗಿರುವವರು ಸೋದರಮಾವನಾದರೆ ಉಚಿತವಲ್ಲ, ಅರ್ಧ ದರದ ಪಾಸು. ನಮ್ಮಲ್ಲಿ ಸೋದರಮಾವನಿಗೆ ತಂದೆಯಷ್ಟೇ ಸಲಿಗೆ ಇರಬಹುದು. ಅಲ್ಲಿಯ ನಿಯಮದಲ್ಲಿ 'ಸಂಸಾರ' ಎಂದರೆ ಅಪ್ಪ, ಅಮ್ಮ, ಮಕ್ಕಳು ಮಾತ್ರ. ಜರ್ಮನಿಯಲ್ಲಿ ಹಿಂದೆ ತಂದೆತಾಯಿ ಅಥವಾ ಅಜ್ಜ ಅಜ್ಜಿ ಜೊತೆಗಿದ್ದರೆ ಎಂಬ ಮಾತಿತ್ತು. ಈಗ ಹದಿನೈದು ದಾಟಿದ ಯಾರು ಜೊತೆಗಿದ್ದರೂ ಆರರಿಂದ ಹದಿನಾಲ್ಕರ ಮಕ್ಕಳು ಉಚಿತ.

ಮೂರು, ಉಚಿತವೆಂದರೆ ಟಿಕೆಟೇ ಬೇಡವೆ? ಇಲ್ಲೇ ಎಷ್ಟೋ ಜನ ಎಡವುತ್ತಾರೆ. ಜರ್ಮನಿಯಲ್ಲಿ ಆರರೊಳಗಿನ ಕೂಸಿಗೆ ಏನೂ ಬೇಡ. ಆದರೆ ಆರರಿಂದ ಹದಿನಾಲ್ಕರ ಮಕ್ಕಳ ಸಂಖ್ಯೆಯನ್ನು ಟಿಕೆಟು ಕೊಳ್ಳುವಾಗಲೇ ದೊಡ್ಡವರ ಟಿಕೆಟಿನಲ್ಲಿ ಬರೆಸಬೇಕು. ಯೂರೋಪಿನ ಹಲವು ದೇಶಗಳಲ್ಲಿ ಓಡಾಡಲು 1959ರಲ್ಲಿ ಆರಂಭವಾದ ಯೂರೇಲ್ ಪಾಸಿನಲ್ಲಿ ದೊಡ್ಡವರೊಬ್ಬರ ಜೊತೆ ನಾಲ್ಕರಿಂದ ಹನ್ನೊಂದರ ಇಬ್ಬರು ಮಕ್ಕಳಿಗೆ ಉಚಿತ. ಆದರೆ ಅವರ ಹೆಸರಿನಲ್ಲೂ ಪಾಸು ಬರೆಸಲೇಬೇಕು.

ನಾಲ್ಕು, ಆಸನಕ್ಕೆ ಬೇರೆ ದುಡ್ಡು ಇದೆಯೆ? ಪಾಸು ಉಚಿತವಾದರೂ ಫ್ರಾನ್ಸಿನ ವೇಗದ ರೈಲುಗಳಂಥವುಗಳಲ್ಲಿ ಆಸನ ಕಾಯ್ದಿರಿಸುವ ಶುಲ್ಕ ಬೇರೆ. ಜರ್ಮನಿಯಲ್ಲಿ ಇಡೀ ಸಂಸಾರಕ್ಕೆ ಒಂದೇ ಶುಲ್ಕದಲ್ಲಿ ಆಸನ ಕಾಯ್ದಿರಿಸುವ ಸೌಲಭ್ಯವಿತ್ತು. 2025ರ ಜೂನ್‌ನಲ್ಲಿ ಅದನ್ನು ತೆಗೆದುಹಾಕಿದಾಗ ಅಲ್ಲಿಯ ಕುಟುಂಬಗಳಿಂದ ದೊಡ್ಡ ವಿರೋಧ ಬಂತು. ನಮ್ಮ 2016ರ ಚರ್ಚೆಯೇ ಅಲ್ಲಿಯೂ ನಡೆದಂತಾಯಿತು.

ಇವುಗಳೊಂದಿಗೆ ಐದನೆಯ ಎಚ್ಚರಿಕೆಯೊಂದನ್ನು ಸೇರಿಸಿಕೊಳ್ಳಿ: ರಿಯಾಯಿತಿ ನಿವಾಸಿಗಳಿಗೋ, ಪ್ರವಾಸಿಗಳಿಗೋ? ಫ್ರಾನ್ಸಿನ ದೊಡ್ಡ ಸಂಸಾರದ ಕಾರ್ಡು ಅಲ್ಲಿ ನೆಲೆಸಿದವರಿಗೆ. ಸ್ವಿಟ್ಜರ್ಲೆಂಡಿನ ಟ್ರಾವೆಲ್ ಪಾಸು ಹೊರಗಿನವರಿಗೆ. ವಯಸ್ಸಿಗೆ ಪುರಾವೆಯಾಗಿ ಮಗುವಿನ ಪಾಸ್‌ಪೋರ್ಟು ಕೈಯಲ್ಲಿರಬೇಕು. ಅಲ್ಲಿ ಬಾಯಿಮಾತು ನಡೆಯದು. ನಿಯಮಗಳು ಬದಲಾಗುತ್ತಿರುತ್ತವೆ, ಹೊರಡುವ ಮೊದಲು ಆಯಾ ರೈಲ್ವೆಯಲ್ಲಿಯೇ ವಿಚಾರಿಸುವುದು ಕ್ಷೇಮ.

ಒಂದು ಲೆಕ್ಕ

ಈಗ ಕಾಗದ, ಪೆನ್ಸಿಲ್ ತೆಗೆದುಕೊಳ್ಳಿ. ತಂದೆ, ತಾಯಿ, ಹದಿಮೂರು ವರ್ಷದ ಮಗಳು, ಎಂಟು ವರ್ಷದ ಮಗ ಹೀಗೆ ನಾಲ್ವರ ಸಂಸಾರ. ದೊಡ್ಡವರೊಬ್ಬರ ದರ ಎಲ್ಲ ಕಡೆಯೂ 100 ಎಂದು ಇಟ್ಟುಕೊಳ್ಳೋಣ. ದೇಶ ದೇಶಗಳ ನಿಜವಾದ ದರ ಬೇರೆ ಬೇರೆ. ಇಲ್ಲಿ ನಾವು ನೋಡುತ್ತಿರುವುದು ನಿಯಮವನ್ನು ಮಾತ್ರ.

ಭಾರತದ ಸ್ಲೀಪರ್ ದರ್ಜೆಯಲ್ಲಿ ಎಲ್ಲರಿಗೂ ಬರ್ತು ಬೇಕಾದರೆ 400. ಮಗನಿಗೆ ಬರ್ತು ಬೇಡವೆಂದರೆ 350. ಜಪಾನಿನಲ್ಲಿ ಮಗಳು ಪ್ರಾಥಮಿಕ ಶಾಲೆ ದಾಟಿದ್ದಾಳೆ, ಪೂರ್ಣ ದರ, ಮಗನಿಗೆ ಅರ್ಧ, ಒಟ್ಟು 350. ಆದರೆ ಮಗನಿಗೆ ಅಲ್ಲಿ ತನ್ನದೇ ಆಸನವಿರುತ್ತದೆ. ಅಮೆರಿಕದಲ್ಲಿಯೂ 350. ಬ್ರಿಟನ್ನಿನಲ್ಲಿ ಇಬ್ಬರು ಮಕ್ಕಳಿಗೂ ಅರ್ಧ, ಆದ್ದರಿಂದ 300. ಕುಟುಂಬ ರೈಲ್‌ಕಾರ್ಡು ಕೊಂಡರೆ ದೊಡ್ಡವರ ದರದಲ್ಲಿಯೂ ಮೂರನೆಯ ಒಂದು ಭಾಗ ಇಳಿಯುತ್ತದೆ. ಜರ್ಮನಿಯಲ್ಲಿ 200. ಸ್ವಿಟ್ಜರ್ಲೆಂಡಿನ ಪಾಸಿನಲ್ಲಿಯೂ 200. ತಂದೆತಾಯಿಯ ಬದಲು ಸೋದರಮಾವನೊಬ್ಬನೇ ಇಬ್ಬರು ಮಕ್ಕಳನ್ನು ಕರೆದುಕೊಂಡು ಹೋದರೆ? ಜರ್ಮನಿಯಲ್ಲಿ ಅವನ 100 ಮಾತ್ರ. ಸ್ವಿಟ್ಜರ್ಲೆಂಡಿನಲ್ಲಿ ಅವನ 100ರ ಜೊತೆಗೆ ಮಕ್ಕಳ ತಲಾ 50 ಸೇರಿ 200.

ಸಂಸಾರ ಅದೇ, ಮಕ್ಕಳು ಅವರೇ. ಬದಲಾದದ್ದು ನಿಯಮ. 400ರಿಂದ 200ರವರೆಗಿನ ಈ ಅಂತರ ಆಯಾ ಸಮಾಜ ಮಕ್ಕಳ ಪ್ರಯಾಣದ ಹೊರೆಯನ್ನು ಯಾರ ಹೆಗಲಿಗೆ ಹಾಕಿದೆ ಎಂಬುದನ್ನು ಹೇಳುತ್ತದೆ. ಹಾಗೆಂದು 200 ಕೇಳುವ ದೇಶ ಉದಾರಿ, 400 ಕೇಳುವ ದೇಶ ಜಿಪುಣ ಎಂದು ಅವಸರದಿಂದ ತೀರ್ಮಾನಿಸಬಾರದು. ನಮ್ಮ ಮೂಲ ದರವೇ ಬಹಳ ಕಡಿಮೆ. ಅಲ್ಲಿಯ ಮೂಲ ದರ ಬಹಳ ಹೆಚ್ಚು. ರಿಯಾಯಿತಿಯನ್ನು ಅಳೆಯುವಾಗ ಮೂಲ ದರವನ್ನು ಮರೆಯಬಾರದು.

ಇದನ್ನು ಏಕೆ ತಿಳಿಯಬೇಕು?

ಮಹಾತ್ಮ ಗಾಂಧಿಯವರು 1917ರಲ್ಲಿ ಭಾರತದ ರೈಲುಗಳ ಮೂರನೆಯ ದರ್ಜೆಯ ಬಗ್ಗೆ ಒಂದು ಕಿರುಪುಸ್ತಕವನ್ನೇ ಪ್ರಕಟಿಸಿದರು. ಚಂಪಾರಣದಂಥ ದೊಡ್ಡ ಹೋರಾಟದ ವರ್ಷದಲ್ಲಿ ಅವರು ಬೋಗಿಯ ಕಸ, ನೂಕುನುಗ್ಗಲುಗಳ ಬಗ್ಗೆ ಏಕೆ ಬರೆದರು? ಕಂಪನಿಗಳ ಪ್ರಯಾಣಿಕ ಆದಾಯದ ಬಹುಪಾಲು ಮೂರನೆಯ ದರ್ಜೆಯವರಿಂದಲೇ ಬರುತ್ತಿತ್ತು, ಆದರೆ ಅವರ ಮಾತನ್ನು ಕೇಳುವವರಿರಲಿಲ್ಲ. 1974ರಲ್ಲಿ ಮೂರನೆಯ ದರ್ಜೆ ಎಂಬ ಹೆಸರು ನಮ್ಮ ರೈಲುಗಳಿಂದ ಹೋಯಿತು. ಹೆಸರು ಹೋದರೂ ಪ್ರಶ್ನೆ ಉಳಿದಿದೆ: ಕಡಿಮೆ ದುಡ್ಡಿನವರು ತಮ್ಮ ಮಕ್ಕಳನ್ನು ಕರೆದುಕೊಂಡು, ಮಾನವಾಗಿ, ಒಟ್ಟಿಗೆ ಪ್ರಯಾಣ ಮಾಡಬಲ್ಲರೆ?

ದರದ ಒಂದು ನಿಯಮ ಬದಲಾದರೆ ಯಾರೂ ಮೆರವಣಿಗೆ ಹೊರಡಿಸುವುದಿಲ್ಲ. ಆದರೆ ಆ ವರ್ಷ ಯಾವುದೋ ಊರಿನಲ್ಲಿ ಒಂದು ಸಂಸಾರ 'ಈ ಸಲ ಮಕ್ಕಳನ್ನು ಬಿಟ್ಟು ಹೋಗೋಣ' ಎಂದು ತೀರ್ಮಾನಿಸುತ್ತದೆ. ಅಜ್ಜಿಯ ಊರನ್ನು, ಹಂಪಿಯನ್ನು, ಸಮುದ್ರವನ್ನು ಒಬ್ಬ ಹುಡುಗ ಆ ವರ್ಷ ನೋಡುವುದಿಲ್ಲ. ಇಂಥ ನಷ್ಟ ಯಾವ ಲೆಕ್ಕಪತ್ರದಲ್ಲಿಯೂ ದಾಖಲಾಗುವುದಿಲ್ಲ. ಅದನ್ನು ಹುಡುಕಿ ದಾಖಲಿಸುವುದೂ ಇತಿಹಾಸದ ವಿದ್ಯಾರ್ಥಿಯ ಕೆಲಸವೇ.

ನೀವು ಮಾಡಿ ನೋಡಿ

1. ನಿಮ್ಮ ಮನೆಯ, ಓಣಿಯ ಹಿರಿಯರನ್ನು ಕೇಳಿ: ಅವರು ಮೊದಲ ಸಲ ರೈಲು ಹತ್ತಿದ್ದು ಯಾವ ನಿಲ್ದಾಣದಲ್ಲಿ? ಅಲ್ಲಿಗೆ ಹೋದದ್ದು ಹೇಗೆ? ಅರ್ಧ ಟಿಕೆಟೋ, ಪೂರ್ಣ ಟಿಕೆಟೋ? ಹತ್ತು ಜನರ ಉತ್ತರ ಬರೆದುಕೊಂಡು ವರ್ಷಗಳ ಕ್ರಮದಲ್ಲಿ ಜೋಡಿಸಿ.

2. ಮನೆಯಲ್ಲಿ ಹಳೆಯ ರಟ್ಟಿನ ರೈಲ್ವೆ ಟಿಕೆಟು ಸಿಕ್ಕರೆ ಎಸೆಯಬೇಡಿ. ಊರು, ದರ, ದರ್ಜೆ, ದಿನಾಂಕ ಗುರುತಿಸಿ ಶಾಲೆಯ ವಸ್ತು ಸಂಗ್ರಹಕ್ಕೆ ಕೊಡಿ. ಅದೊಂದು ಪುಟ್ಟ ಶಾಸನ.

3. ಮೇಲಿನ ನಾಲ್ವರ ಸಂಸಾರಕ್ಕೆ ಒಬ್ಬ ಅಜ್ಜಿಯನ್ನೂ ನಾಲ್ಕು ವರ್ಷದ ಕೂಸನ್ನೂ ಸೇರಿಸಿ ಲೆಕ್ಕವನ್ನು ಮತ್ತೆ ಮಾಡಿ. ಯಾವ ದೇಶದ ನಿಯಮ ನಮ್ಮ ಕೂಡು ಕುಟುಂಬಕ್ಕೆ ಹೆಚ್ಚು ಹೊಂದುತ್ತದೆ?

4. ಮಕ್ಕಳ ದರದ ನಿಯಮ ಬರೆಯುವ ಅಧಿಕಾರ ನಿಮ್ಮ ತರಗತಿಗೆ ಸಿಕ್ಕಿದೆ ಎಂದುಕೊಳ್ಳಿ. ವಯಸ್ಸಿನ ಗೆರೆಯನ್ನು ಎಲ್ಲಿ ಎಳೆಯುವಿರಿ? ಕಡಿಮೆಯಾಗುವ ಆದಾಯವನ್ನು ಯಾರಿಂದ ತುಂಬಿಸುವಿರಿ? ಎರಡೂ ಪ್ರಶ್ನೆಗೆ ಉತ್ತರ ಬರೆದ ಮೇಲೆಯೇ ನಿಮ್ಮ ನಿಯಮ ಪೂರ್ತಿಯಾಯಿತೆಂದು ತಿಳಿಯಿರಿ.